ಐದು ಗಂಟೆಯ ಗಾಳಿ

ರೊಟ್ಟಿ ಬಡಿಯುವ ಹಲಗೆಯ ನಾಲ್ಕೂ ಮೂಲೆಗೆ ರಬ್ಬರಿನ ತುಂಡು ಅಂಟಿಸಿದ್ದನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನನ್ನ ಅಡಿಗೆಮನೆಯಲ್ಲಿ ಅಂಥದೊಂದು ಹಲಗೆಯಿದೆ. ಸೈಕಲ್ಲಿನ ಹೊಸ ಟ್ಯೂಬು ತರಿಸಿ, ಕತ್ತರಿಸಿ, ನಾನೇ ಅಂಟಿಸಿದ್ದು. ಹಲಗೆ ಜಾರಬಾರದು ಎಂಬುದೇ ಉದ್ದೇಶ. ಏಕೆಂದರೆ ನನ್ನ ಅಡಿಗೆಮನೆ ಇರುವುದು ನೆಲದ ಮೇಲಲ್ಲ, ನೀರಿನ ಮೇಲೆ. ಶ್ರಾವಣ ಕಳೆದು ಹಿಡಕಲ್ ಜಲಾಶಯ ತುಂಬಿ ನಿಂತಾಗಿನಿಂದ ಮುಂದಿನ ಮುಂಗಾರಿನ ಮೋಡ ಕಾಣಿಸುವವರೆಗೆ ನಮ್ಮ ಸಂಸಾರ ಸಾಗುವುದು ಒಂದು ಹಾಯಿದೋಣಿಯ ಹೊಟ್ಟೆಯೊಳಗೆ. ಗಂಡ, ಹೆಂಡತಿ, ಮಗಳು, ಅತ್ತೆ, ಒಂದು ಗ್ಯಾಸಿನ ಒಲೆ.

ಈ ಸುದ್ದಿ ಕೇಳಿದವರೆಲ್ಲ ಮೊದಲು ಕಣ್ಣರಳಿಸುತ್ತಾರೆ, ಆಮೇಲೆ ತಪ್ಪದೆ ನಕ್ಕು, “ಹಂಗಾದ್ರ ನಿಮ್ಮದು ಖರೇನ ಸಂಸಾರ ಸಾಗರ ನೋಡ್ರಿ” ಎನ್ನುತ್ತಾರೆ. ಹುಕ್ಕೇರಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಾನು ಕನ್ನಡ ಕಲಿಸುವ ಹೈಸ್ಕೂಲಿನ ಹೆಡ್‌ಮಾಸ್ತರರವರೆಗೆ ಪ್ರತಿಯೊಬ್ಬರೂ ಇದು ತಮಗೊಬ್ಬರಿಗೇ ಹೊಳೆದ ಮಾತೆಂದು ನಂಬಿದ್ದಾರೆ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಸಾಗರವಂತೆ. ಸಾಗರದಲ್ಲಿ ಮುಳುಗುವವರು ಯಾರು, ಈಜುವವರು ಯಾರು, ದಡದಲ್ಲಿ ನಿಂತು ಫೋಟೋ ತೆಗೆಯುವವರು ಯಾರು ಎಂದು ಇವರಲ್ಲಿ ಒಬ್ಬರೂ ವಿಚಾರಿಸಿದ್ದಿಲ್ಲ. ಗೆಳೆಯರೇ, ಮುಚ್ಚುಮರೆ ಏಕೆ, ನನಗೆ ಸಿಟ್ಟು ಬಂದಿದೆ. ಬಂದು ಬಹಳ ದಿನವಾಯಿತು, ಇಳಿಯುವ ಲಕ್ಷಣ ಕಾಣುತ್ತಿಲ್ಲ. ನೀವು ಪುರುಸೊತ್ತಾಗಿ ಕುಳಿತಿದ್ದರೆ ಹೇಳಿಬಿಡುತ್ತೇನೆ.

ನಾನು ಮೂಡಲಗಿಯವಳು. ಚಿಕ್ಕಂದಿನಲ್ಲಿ ನಾನು ಕಂಡ ದೊಡ್ಡ ನೀರೆಂದರೆ ಹೊಲದ ಪಕ್ಕದ ಕಾಲುವೆ. ಅದರಲ್ಲಿ ಮೊಣಕಾಲುದ್ದ ಇಳಿದರೂ ಅಪ್ಪ ಬೈಯುತ್ತಿದ್ದರು. ಗೋಕಾಕದ ಮನೆಗೆ ಸೊಸೆಯಾಗಿ ಬಂದಾಗ ಯಜಮಾನರು ನೌಕಾಪಡೆಯಲ್ಲಿದ್ದರು, ರಜೆಗೆ ಬಂದರೆ ಎರಡು ವಾರ ನೆಂಟರಂತೆ ಇದ್ದು ಹೋಗುತ್ತಿದ್ದರು. ನಿವೃತ್ತರಾಗಿ ಬಂದ ಮೇಲೆ ಅವರಿಗೆ ಗೋಕಾಕದ ನೆಲ ಕಾಲಿಗೆ ಹತ್ತಲಿಲ್ಲ. ಕೊಂಕಣದ ಯಾವುದೋ ಬಂದರಿನಲ್ಲಿ ಒಂದು ಹಳೆಯ ಹಾಯಿದೋಣಿ ಹುಡುಕಿ, ಅದರ ಇಂಜಿನ್ನನ್ನು ಬೇಡವೆಂದು ತೆಗೆಸಿ, ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಿಕೊಂಡು ಬಂದರು. ಯಾರ್ಯಾರನ್ನೋ ಕಂಡು ಅನುಮತಿಯನ್ನೂ ತಂದರು. ನಂತರ ಒಂದು ದಿನ ಊಟಕ್ಕೆ ಕುಳಿತಾಗ, ಮನೆಗೆ ಬೀಗ ಹಾಕಿ ಎಲ್ಲರೂ ದೋಣಿಯಲ್ಲಿ ಇರೋಣವೆಂದರು. ಗಮನಿಸಿ, ಅವರು ಕೇಳಲಿಲ್ಲ, ಹೇಳಿದರು. ಮಗಳು ಪದ್ಮಶ್ರೀ ಕುಣಿದಾಡಿದಳು. ಅತ್ತೆಯವರು, ಇಷ್ಟು ವರ್ಷ ಮಗನ ಮುಖ ಕಾಣದೆ ಕಳೆದವರು, ಮಗನಿದ್ದಲ್ಲೇ ತಾನೂ ಎಂದರು. ಉಳಿದವಳು ನಾನೊಬ್ಬಳು, ಒಬ್ಬಳ ಮಾತು ಯಾವ ಲೆಕ್ಕದ್ದು.

ಸುಳ್ಳು ಹೇಳಬಾರದು, ಸುಖವೂ ಇತ್ತು. ಬೆಳಗಿನ ಹೊತ್ತು ನೀರು ಅಲುಗದೆ ಮಲಗಿರುವಾಗ, ಬಿಳಿಯ ಸೆರಗನ್ನು ತಲೆಯ ಮೇಲೆ ಹೊದ್ದು ಅತ್ತೆಯವರು ದೋಣಿಯ ಮೂತಿಯಲ್ಲಿ ಕುಳಿತು ಜಪ ಮಾಡುತ್ತಿದ್ದರೆ, ಅದನ್ನು ನೋಡುತ್ತ ನನಗೂ ಮನಸ್ಸು ಹಗುರವಾಗುತ್ತಿತ್ತು. ಪದ್ಮಶ್ರೀ ಕಾಲನ್ನು ನೀರಿಗೆ ಇಳಿಬಿಟ್ಟು ಬೀಜಗಣಿತ ಬಿಡಿಸುತ್ತಿದ್ದಳು. ಕುಡಿಯುವ ನೀರನ್ನು ಬಟ್ಟೆಯಿಂದ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತಂದ ನೀರಿಗೇ ಮರಳಿ ಬಿಡುವುದು ನಮ್ಮ ಜೈನರ ಮನೆಗಳ ರೂಢಿ. ಗೋಕಾಕದ ನಲ್ಲಿಯ ಕೆಳಗೆ ಬರಿಯ ಶಾಸ್ತ್ರವಾಗಿದ್ದ ಅದು ಇಲ್ಲಿ, ಕೈ ಚಾಚಿದರೆ ಸಿಗುವ ನೀರಿನ ಎದುರು, ಅರ್ಥವುಳ್ಳ ಕೆಲಸವೆನಿಸಿತು. ಗೋಡೆಗಳಿಲ್ಲದ ಮನೆಯಲ್ಲಿ ಜಗಳವಾಡಿದವರು ಎದ್ದು ಹೋಗಲು ಇನ್ನೊಂದು ಕೋಣೆಯಿರುವುದಿಲ್ಲ, ಹೀಗಾಗಿ ಜಗಳಗಳೂ ಬೇಗ ಮುಗಿಯುತ್ತಿದ್ದವು. ಒಂದನ್ನು ಬಿಟ್ಟು.

ಆ ಒಂದು ಜಗಳ ಸೂರ್ಯನಿಗೂ ಗಾಳಿಗೂ ಸೇರಿದ್ದು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವುದು ನಮ್ಮ ನೇಮ. ನಾನೂ ಪದ್ಮಶ್ರೀಯೂ ಆಗಾಗ ತಪ್ಪುತ್ತೇವೆ, ಯಜಮಾನರು ಹಡಗಿನಲ್ಲಿ ಅದನ್ನು ಬಿಟ್ಟೇ ಬಿಟ್ಟವರು, ಆದರೆ ಅತ್ತೆಯವರು ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಮಧ್ಯಾಹ್ನದ ಅಡಿಗೆ ಸಂಜೆಗೆ ಅವರಿಗೆ ಸಲ್ಲದು, ಬಿಸಿಯಾಗಿ ಆಗಲೇ ಮಾಡಿದ್ದಾಗಬೇಕು. ಮೇಲಾಗಿ ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ತಾಸು ಮೊದಲು ಗುಳಿಗೆ ನುಂಗಿ, ಆಮೇಲೆ ಉಣ್ಣಲೇಬೇಕು. ಶಾಲೆ ಬಿಟ್ಟು, ಬಸ್ಸು ಹಿಡಿದು, ನಾನೂ ಮಗಳೂ ದಂಡೆಗೆ ಬರುವುದರೊಳಗೆ ಐದು ಗಂಟೆ. ಜಲಾಶಯದ ಮೇಲೆ ಒಳ್ಳೆಯ ಪಡುವಣ ಗಾಳಿ ಏಳುವುದೂ ಸರಿಯಾಗಿ ಐದು ಗಂಟೆಗೇ. ನನ್ನ ಒಂದು ಕಾಲು ಇನ್ನೂ ದಂಡೆಯ ಕೆಸರಿನಲ್ಲಿರುವಾಗಲೇ ಯಜಮಾನರು ಹಗ್ಗ ಬಿಚ್ಚಿ ಹಾಯಿ ಏರಿಸುತ್ತಿದ್ದರು. ಹಾಯಿ ಎದ್ದಿರುವಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ದೋಣಿಯಲ್ಲಿ ಬೆಂಕಿ ಅಪಾಯ, ಆದ್ದರಿಂದ ಒಲೆ ಹಚ್ಚಕೂಡದು ಎಂಬುದು ಅವರದೇ ಕಟ್ಟಳೆ. ಒಲೆ ಹಚ್ಚಲು ಹಾಯಿ ಇಳಿಯಬೇಕು, ಹಾಯಿ ಇಳಿಸಲು ಅವರಿಗೆ ಮನಸ್ಸು ಬರಬೇಕು.

“ಅಡಿಗಿ ಮಾಡಿ ಆಮ್ಯಾಲ ಹೋಗೂಣಲ್ರಿ” ಎಂದರೆ, “ಗಾಳಿ ಏನ ನಮ್ಮ ಆಳೇನ, ಕಾಯಾಕ?” ಎನ್ನುತ್ತಿದ್ದರು. ಕಾಯುವ ಆಳು ದೋಣಿಯೊಳಗೇ ಇದ್ದಳು, ಹಿಟ್ಟು ನಾದಿ, ಪಲ್ಯ ಹೆಚ್ಚಿಟ್ಟು, ಹಂಚು ಹಿಡಿದು. ಕೊನೆಗೆ ಅವರು ಹಾಯಿ ಇಳಿಸಿದಾಗ ಸೂರ್ಯ ಗುಡ್ಡಕ್ಕೆ ತಾಗಿರುತ್ತಿದ್ದ. ನಾನು ಬೆರಳು ಸುಟ್ಟುಕೊಂಡು ಎರಡು ರೊಟ್ಟಿ ಬೇಯಿಸಿ ಅತ್ತೆಯವರ ತಾಟಿಗೆ ಹಾಕುತ್ತಿದ್ದೆ. ಅವರು ಗಬಗಬ ನುಂಗಿ, ಕೈತೊಳೆದು, “ನಿನ್ನ ಕೈ ಭಾಳ ಸಾವಕಾಶ ನೋಡವಾ. ಅಂವಾ ಗಂಡಸ ಮನಶ್ಯಾ, ಅಂವಗೇನ ಒಲಿ ಚಿಂತಿ” ಎನ್ನುತ್ತಿದ್ದರು. ಸೂರ್ಯನನ್ನು ಬೈಯಲು ಬರುವುದಿಲ್ಲ, ಗಾಳಿಯನ್ನು ಬೈಯಲು ಬರುವುದಿಲ್ಲ, ಮಗನನ್ನು ಬೈಯಲು ಮನಸ್ಸಿಲ್ಲ. ಮಿಕ್ಕವಳು ಸೊಸೆ.

ಫಾಲ್ಗುಣದ ಒಂದು ಸಂಜೆ ದೋಣಿ ದಂಡೆಯತ್ತ ತಿರುಗಿದ್ದು ಕಂಡು ಅತ್ತೆಯವರು ಗುಳಿಗೆ ನುಂಗಿದರು. “ಗುಳಿಗಿ ತಗೊಂಡೇನವಾ, ಲಗೂನ ಒಲಿ ಹಚ್ಚ” ಎಂದರು. ನಾನು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಕಾದೆ. ಅಷ್ಟರಲ್ಲಿ ಒಂದು ದೊಡ್ಡ ಗಾಳಿ ಬಂತು. ಯಜಮಾನರು ಮತ್ತೆ ಮೂತಿ ತಿರುಗಿಸಿದರು. ಆಯಿ, ಅವರ ತಾಯಿ, ಗುಳಿಗೆ ನುಂಗಿದ್ದಾರೆಂದು ನಾನು ಕೂಗಿ ಹೇಳಿದೆ. “ಇನ್ನೊಂದ ಸುತ್ತ, ಅಷ್ಟ” ಎಂದರು. ಆ ಒಂದು ಸುತ್ತಿನ ನಡುವೆ, ಜಲಾಶಯದ ನಟ್ಟನಡುವೆ, ಗಾಳಿ ನಿಂತುಹೋಯಿತು. ಅದರ ಬೆನ್ನಿಗೇ ಹೊತ್ತೂ ಮುಳುಗಿತು. ಅತ್ತೆಯವರು ಜಪಮಾಲೆ ಹಿಡಿದು, “ಇನ್ನ ನಾಳೆನ” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ಯಜಮಾನರೂ ಮಗಳೂ ಹುಟ್ಟು ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆಯವರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿ ಜಪಮಾಲೆ ಜಾರಿತು, ನನ್ನನ್ನು ತಮ್ಮ ತೀರಿಹೋದ ಅಕ್ಕನ ಹೆಸರಿನಿಂದ ಕರೆದರು. ನಾನು ಯಾರನ್ನೂ ಕೇಳಲಿಲ್ಲ. ಬೆಲ್ಲವನ್ನು ನೀರಿನಲ್ಲಿ ಕಿವುಚಿ, ಅವರ ತಲೆಯನ್ನು ತೋಳಿನ ಮೇಲಿಟ್ಟುಕೊಂಡು, ಗುಟುಕು ಗುಟುಕಾಗಿ ಕುಡಿಸಿದೆ. ದಂಡೆ ಮುಟ್ಟುವ ಹೊತ್ತಿಗೆ ಅವರಿಗೆ ನಮ್ಮೆಲ್ಲರ ಗುರುತು ಸಿಕ್ಕಿತ್ತು.

ಗುರುತು ಸಿಕ್ಕ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು ಇದು: “ಹೊತ್ತ ಮುಳಗಿದ ಮ್ಯಾಲ ನನ್ನ ಬಾಯಾಗ ಬೆಲ್ಲ ಹಾಕಿದಿ. ಇಷ್ಟ ವರ್ಷದ ನೇಮ ಕೆಡಿಸಿದಿ.” ಮಗನ ತಲೆ ಸವರಿ, ಹುಟ್ಟು ಹಾಕಿ ಕೈ ನೊಂದವೇನೋ ಎಂದು ಕೇಳಿದರು. ಮುಂದಿನ ವಾರ ಮುನಿಗಳ ದರ್ಶನಕ್ಕೆ ಹೋಗಿ, ಆದ ದೋಷಕ್ಕೆ ಪ್ರಾಯಶ್ಚಿತ್ತವೆಂದು ತಾವಾಗಿಯೇ ಬೆಲ್ಲ ತಿನ್ನುವುದನ್ನು ಬಿಟ್ಟರು. ಯಾವುದು ಅವರನ್ನು ಉಳಿಸಿತೋ ಅದನ್ನೇ ಬಿಟ್ಟರು. ನನ್ನೊಡನೆ ಮಾತನ್ನೂ ಬಿಟ್ಟರು; ಏನಾದರೂ ಬೇಕಾದರೆ ಮೊಮ್ಮಗಳ ಮುಖ ನೋಡಿ, “ನಿಮ್ಮವ್ವಗ ಹೇಳ” ಎನ್ನುತ್ತಿದ್ದರು. ಐದು ಹೆಜ್ಜೆಯ ದೋಣಿಯಲ್ಲಿ ಇದು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ನಾನು ಆಗ ಬಹಳ ಯೋಚಿಸಿದೆ. ಅವರ ನೇಮದ ಮೇಲೆ ನನಗೆ ಸಿಟ್ಟಿಲ್ಲ. ಒಂದು ಹುಳಕ್ಕೂ ನೋವಾಗಬಾರದೆಂದು ಬಾಳಿಡೀ ಹಸಿವೆಯನ್ನು ಸೂರ್ಯನ ಅಳತೆಗೆ ಒಗ್ಗಿಸಿಕೊಂಡ ಹೆಂಗಸಿನ ಎದುರು ನನ್ನ ತಲೆ ಈಗಲೂ ಬಾಗುತ್ತದೆ. ನನ್ನ ಸಿಟ್ಟು ಆ ನೇಮದ ಭಾರವೆಲ್ಲ ಯಾರ ತಲೆಗೆ ಬಂತು ಎಂಬುದರ ಮೇಲೆ. ಗಾಳಿಗೆ ಮರುಳಾದವನು ಸಾಹಸಿ ಎನಿಸಿಕೊಂಡ, ಹಸಿದವಳು ವ್ರತಸ್ಥೆ ಎನಿಸಿಕೊಂಡಳು, ಉಣಿಸಿದವಳು ಪಾಪಿಯಾದಳು. ಮನೆ ನೆಲದ ಮೇಲಿದ್ದರೂ ಇದೇ ಆಗುತ್ತಿತ್ತೇನೋ. ಅಲ್ಲಿ ನಾನು ಹಿತ್ತಲಿಗೆ ಹೋಗಿ ಪಾತ್ರೆ ಕುಕ್ಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಲ್ಲಿ ಹಿತ್ತಲಿಲ್ಲ. ಸಿಟ್ಟು ಹೋಗಲು ದಾರಿಯಿಲ್ಲದೆ ನನ್ನೊಳಗೇ ನಿಂತಿತು.

ಮರುವಾರ ಒಂದು ಸಂಜೆ ಯಜಮಾನರು ಎಂದಿನಂತೆ ಇನ್ನೊಂದು ಸುತ್ತು ಎಂದರು. ಸೂರ್ಯ ಇನ್ನೂ ಮೇಲಿದ್ದ, ಗಾಳಿ ಭರ್ತಿಯಿತ್ತು. ನಾನು ಹಿಟ್ಟಿನ ಕೈಯಲ್ಲೇ ಹಾಯಿಕಂಬದ ಬುಡಕ್ಕೆ ಹೋಗಿ, ಹಾಯಿಯನ್ನು ಎತ್ತಿ ಹಿಡಿದಿದ್ದ ಹಗ್ಗದ ಗಂಟು ಬಿಚ್ಚಿ ಬಿಟ್ಟುಬಿಟ್ಟೆ. ಅಷ್ಟು ದೊಡ್ಡ ಹಾಯಿ ಬರಬರನೆ ಇಳಿದು ಯಜಮಾನರ ತಲೆಯ ಮೇಲೆ ಕುಳಿತಿತು. ಬಟ್ಟೆಯೊಳಗಿನಿಂದಲೇ, “ಏನ ಮಾಡಾಕತ್ತಿ ನೀ?” ಎಂದರು.

“ಒಲಿ ಹಚ್ಚಾಕತ್ತೇನಿ” ಎಂದೆ.

ಹಚ್ಚಿದೆ. ಅತ್ತೆಯವರು ನನ್ನನ್ನು ನೋಡಿದರು, ಹಾಯಿಯೊಳಗೆ ಕೈಕಾಲು ಆಡಿಸುತ್ತಿದ್ದ ಮಗನನ್ನು ನೋಡಿದರು, ತಾಟು ಮುಂದೆ ಮಾಡಿದರು. ಅಂದಿನಿಂದ ಐದೂವರೆಗೆ ಹಾಯಿ ಇಳಿಯುತ್ತದೆ. ಮೊದಲ ಕೆಲವು ದಿನ ನಾನೇ ಇಳಿಸಿದೆ, ಆಮೇಲೆ ನಾನು ಎದ್ದು ನಿಂತರೆ ಸಾಕು, ಯಜಮಾನರು ಇಳಿಸುತ್ತಿದ್ದರು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೋದ ತಿಂಗಳು ಹುಕ್ಕೇರಿಯಲ್ಲಿ ಯಾರೋ ಹಾಯಿದೋಣಿಯ ಸಾಹಸಕ್ಕೆಂದು ಯಜಮಾನರಿಗೆ ಸತ್ಕಾರ ಇಟ್ಟುಕೊಂಡರು. ಕಣಗಲಾ ಊರಿನ ನೆಂಟರೂ ಬಂದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನೂ ಅತ್ತೆಯವರೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು, ನಡುವೆ ಪದ್ಮಶ್ರೀ. ಯಜಮಾನರು ಸಮುದ್ರದ ಕತೆಗಳನ್ನೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, “ನಮ್ಮ ಆಯಿಯ ನೇಮಕ್ಕಾಗಿ ನಾ ಒಂದ ಶಿಸ್ತ ಹಾಕ್ಕೊಂಡೇನ್ರಿ. ಗಾಳಿ ಎಷ್ಟ ಇರಲಿ, ಐದೂವರಿಗೆ ನಾ ಹಾಯಿ ಇಳಸತೇನಿ” ಎಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಹಿಂದೆ ಕುಳಿತ ಹೆಂಗಸೊಬ್ಬಳು, ಇಂಥ ಮಗ ಹುಟ್ಟಬೇಕೆಂದಳು. ನಾನು ಚಪ್ಪಾಳೆ ತಟ್ಟಲಿಲ್ಲ.

ಆಗ ಅತ್ತೆಯವರು ಮೊಮ್ಮಗಳನ್ನು ಅತ್ತ ಸರಿಸಿ, ನನ್ನ ಪಕ್ಕಕ್ಕೆ ಬಂದು ಕುಳಿತರು. ತಿಂಗಳುಗಟ್ಟಲೆ ನನ್ನ ಮುಖ ನೋಡಿ ಮಾತಾಡದವರು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು.

“ಸುಳ್ಳ ಹೇಳಾಕತ್ತಾನ,” ಎಂದರು. “ಹಗ್ಗ ಬಿಚ್ಚಿದಾಕಿ ನೀ. ಬೆಲ್ಲ ಕುಡಿಸಿದಾಕೀನೂ ನೀನ. ಎದ್ದ ಹೇಳ.”

ನಾನು ಎದ್ದು ನಿಂತೆ. ಯಜಮಾನರು ಮೈಕಿನ ಮುಂದೆ ಮಾತು ನಿಲ್ಲಿಸಿದರು.