ನೀರಕ್ಕನ ಹೆಸರಿಗೊಂದು ಬೀಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಸಾಲಿನ ಹಿಂದಿರುವ ಕೂಡುತೋಟದ ಗೇಟು ಕಿರ್ರೆನ್ನುತ್ತದೆ. ಒಳಗೆ ಬಂದ ಹೆಂಗಸು ಚಪ್ಪಲಿ ಬದಿಗೆ ಬಿಟ್ಟು ನಲ್ಲಿಗೆ ಪೈಪು ಸಿಕ್ಕಿಸುತ್ತಾರೆ. ಕೊತ್ತಂಬರಿಯ ಪಾತಿಗೆ ಬೆರಳು ಅಡ್ಡ ಹಿಡಿದು ನೀರನ್ನು ತುಂತುರು ಮಾಡುತ್ತಾರೆ. ಮೇಷ್ಟ್ರ ಬದನೆಗೆ ಬುಡ ನೋಡಿ ಬಿಡುತ್ತಾರೆ. ಪುದೀನ ಎಷ್ಟು ಕುಡಿದರೂ ಸಾಲದು ಎನ್ನುವ ಜಾತಿ, ಅಲ್ಲಿ ತುಸು ಹೆಚ್ಚೇ ನಿಲ್ಲುತ್ತಾರೆ. ಬೇಲಿಯ ಬದಿಯ ಟೊಮೆಟೊ ಪಾತಿ ಬಂದಾಗ ಮಾತ್ರ ಪೈಪು ನಿಲ್ಲುವುದಿಲ್ಲ. ಬೇಡದ ನೆಂಟರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಿದ ಹಾಗೆ, ಒಂದಿಷ್ಟು ಚೆಲ್ಲಿ ಮುಂದಕ್ಕೆ ಹೋಗುತ್ತದೆ.

ಆ ಪಾತಿ ಅವರ ಓರಗಿತ್ತಿಯದು.

ತೋಟದಲ್ಲಿ ಎಲ್ಲರೂ ಈಕೆಯನ್ನು ಕರೆಯುವುದು ನೀರಕ್ಕ ಎಂದು. ಇಲ್ಲಿ ಮನೆಗೊಂದು ಪಾತಿ. ಬಿತ್ತುವುದು, ಕೊಯ್ಯುವುದು ಅವರವರ ಕೆಲಸ. ನೀರು, ಗೊಬ್ಬರ, ಕಳೆ, ಹುಳ ನೀರಕ್ಕನ ಪಾಲು. ಕೂಲಿಯ ಜೊತೆಗೆ ಗೊಬ್ಬರದ ಗುಂಡಿಯ ಪಕ್ಕ ಅವರಿಗೂ ಒಂದು ಪಾತಿ ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಎರಡು ಹೊತ್ತು ನೀರು ಹಾಕಿ ಬುಡಕ್ಕೆ ತರಗೆಲೆ ಹೊದಿಸಬೇಕು. ಮಳೆ ಹಿಡಿಯಿತೆಂದರೆ ನಿಂತ ನೀರನ್ನು ಬಿಡಿಸಬೇಕು, ಬಸವನಹುಳು ಆರಿಸಬೇಕು. ಚಳಿಗೆ ಬೆರಳ ಸಂದು ಸೀಳಿದರೂ ಎಳೆ ಸಸಿಗಳಿಗೆ ಸಂಜೆ ಗೋಣಿ ಹೊದಿಸಿ, ಬೆಳಿಗ್ಗೆ ತೆಗೆಯಬೇಕು. ತನಗೆ ಕಂಬಳಿ ಹೊದಿಸಿದ್ದು ಯಾವಾಗ ಎಂದು ನೆನಪಿಲ್ಲ, ಮೂಲಂಗಿಗೆ ಮಾತ್ರ ತಪ್ಪಿಲ್ಲ ಎಂದು ಗಂಡ ಗೊಣಗುತ್ತಾರಂತೆ. ಬಟ್ಟೆ ಒಗೆಯುವ ಅಂಗಡಿ ಮುಚ್ಚಿ ಕೆಲಸ ಹೋದಾಗ ನೀರಕ್ಕನನ್ನು ಹಿಡಿದುಕೊಂಡದ್ದು ಈ ತೋಟ. ಮಂಡಿ ಆಗಲೇ ಸವೆದಿತ್ತು, ಇಲ್ಲಿ ಇನ್ನಷ್ಟು ಸವೆಯಿತು.

ಇಲ್ಲೊಂದು ಪದ್ಧತಿಯಿದೆ. ಹಂಗಾಮು ಮುಗಿಯುವ ಹೊತ್ತಿಗೆ ಒಂದೊಂದು ಬೆಳೆಯಲ್ಲೂ ಒಳ್ಳೆಯದೊಂದು ಗಿಡವನ್ನು ಬೀಜಕ್ಕೆಂದು ಬಿಡುತ್ತಾರೆ. ಕೆಂಪು ಬಟ್ಟೆಯ ಚೂರು ಕಟ್ಟಿದರೆ ಮುಗಿಯಿತು, ಆ ಗಿಡದ ಕಾಯನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಂದಿನ ಸಲ ಆ ಬೀಜ ಎಲ್ಲರ ಪಾತಿಗೂ ಹೋಗುತ್ತದೆ, ಬೆಳೆದವರ ಹೆಸರು ಹೊತ್ತುಕೊಂಡು. ಮೇಷ್ಟ್ರ ಬದನೆ, ನರ್ಸಮ್ಮನ ಪಾಲಕ್, ಹೀಗೆ. ಟೊಮೆಟೊ ಮಾತ್ರ ಎಷ್ಟೋ ಹಂಗಾಮಿನಿಂದ ಟೈಲರಮ್ಮನದೇ. ಟೈಲರಮ್ಮ ಎಂದರೆ ಅದೇ ಓರಗಿತ್ತಿ. ಕಟ್ಟುವ ಕೆಂಪು ಚೂರೂ ಅವರ ಹೊಲಿಗೆ ಮಿಷನ್ನಿನ ಕೆಳಗಿಂದಲೇ ಬರುತ್ತದೆ. ಗಿಡ ಆರಿಸಿ ಕಟ್ಟುವವರು ನೀರಕ್ಕ.

"ಅವಳು ಭಾನುವಾರ ಒಂದು ಗಳಿಗೆ ಬರ್ತಾಳೆ. ಎರಡು ಹಣ್ಣೆಲೆ ಕಿತ್ತು, ಗಿಡದ ಗಲ್ಲ ಸವರಿ ಹೋಗ್ತಾಳೆ. ನಮ್ಮತ್ತೆ ಊಟಕ್ಕೆ ಕೂತಾಗೆಲ್ಲ ಕಿರಿಯವಳ ಕೈಗುಣ, ಕಿರಿಯವಳ ಕೈಗುಣ ಅಂತಾರೆ. ನೀರು ಹಾಕೋ ಕೈ ನಂದು, ಗುಣ ಅವಳದ್ದು. ಹೊಟ್ಟೆ ಉರಿಯಲ್ವಾ ಹೇಳಿ?" ಎಂದು ಪೇಪರಿಗೆ ಬರೆಯಲು ಬಂದವರನ್ನೇ ಕೇಳುತ್ತಾರೆ ನೀರಕ್ಕ.

ಇಬ್ಬರದೂ ಒಂದೇ ಮನೆ. ಮುಂದಿನ ಕೋಣೆಯಲ್ಲಿ ಮಿಷನ್ನು, ಹಿಂದಿನ ಕೋಣೆಯಲ್ಲಿ ಗುದ್ದಲಿ, ನಡುವೆ ಅತ್ತೆಯ ಮಂಚ. ಬಂದವರ ಕಣ್ಣಿಗೆ ಬೀಳುವುದು ಮುಂದಿನ ಕೋಣೆಯೇ.

ಈ ಸಲ ಮಳೆ ನಿಂತ ಮೇಲೆ ಸಸಿ ನೆಡುವಾಗಲೇ ನೀರಕ್ಕ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು. ಟೊಮೆಟೊಗೆ ತಮ್ಮ ಹೆಸರು ಬರಬೇಕು. ತಮ್ಮ ಪಾತಿಗೆ ಗುಂಡಿಯ ಕರಿಗೊಬ್ಬರವನ್ನು ಬುಟ್ಟಿ ಬುಟ್ಟಿ ಸುರಿದರು, ಎರಡು ಹೊತ್ತೂ ನೀರು ಕಟ್ಟಿದರು. ಬೇಲಿಬದಿಯ ಪಾತಿಗೆ ಅರೆಹೊಟ್ಟೆ. ಸಾಯಿಸಲಿಲ್ಲವಲ್ಲ, ಕೈ ಸ್ವಲ್ಪ ಬಿಗಿ ಹಿಡಿದೆ ಅಷ್ಟೆ ಎನ್ನುತ್ತಾರೆ. ಇದನ್ನು ಬರೆಯಬಹುದೇ ಎಂದು ಕೇಳಿದರೆ ನಗುತ್ತಾರೆ. "ಬರೀರಿ. ಅವಳು ಪೇಪರ್ ಓದಲ್ಲ, ಅಂಗಿ ಅಳತೆಗೆ ಕತ್ತರಿಸ್ತಾಳೆ."

ನೀರಕ್ಕನ ಗಿಡಗಳು ಭುಜದೆತ್ತರ ಎದ್ದಿವೆ. ಎಲೆ ಕಪ್ಪಗೆ, ಕಾಂಡ ಹೆಬ್ಬೆರಳ ದಪ್ಪ. ದಾರಿಹೋಕರು ನಿಂತು ನೋಡುತ್ತಿದ್ದರು, ನೀರಕ್ಕ ಬೀಗುತ್ತಿದ್ದರು. ಹೂ ಮಾತ್ರ ಅಲ್ಲೊಂದು ಇಲ್ಲೊಂದು, ಅದೂ ಉದುರಿತು. ಗೊಬ್ಬರ ಹೆಚ್ಚಾಗಿ ಬರೀ ಎಲೆ ಬಿಡುವ ಗಿಡಕ್ಕೆ ತೋಟದವರು ಸೊಕ್ಕಿತು ಎನ್ನುತ್ತಾರೆ. ಅತ್ತೆ ಕೋಲೂರಿಕೊಂಡು ಬಂದು, ಕೋಲಿನಲ್ಲೇ ಎಲೆ ಸರಿಸಿ ನೋಡಿ, ಗಿಡಕ್ಕೂ ನಿನಗೂ ಒಟ್ಟಿಗೇ ಸೊಕ್ಕು ಬಂದಿದೆ ಕಣೆ ಎಂದು ಹೋದರು.

ಓರಗಿತ್ತಿಯ ಗಿಡಗಳು ಮೊಣಕಾಲಿನಿಂದ ಮೇಲೆದ್ದಿಲ್ಲ. ಎಲೆ ತುಸು ಮುರುಟಿದೆ. ಆದರೆ ಎಲೆಯೇ ಕಾಣದ ಹಾಗೆ ಗೊಂಚಲು ಗೊಂಚಲು ಕಾಯಿ ಕಚ್ಚಿದೆ, ಹಣ್ಣಾದದ್ದು ಬೆಂಕಿ ಕೆಂಪು.

"ನೀರು ಕಮ್ಮಿ ಆದ್ರೆ ಗಿಡಕ್ಕೆ ಭಯ ಹುಟ್ಟತ್ತೆ. ಸಾಯೋ ಮುಂಚೆ ಮಕ್ಕಳಾಗ್ಲಿ ಅಂತ ಕಾಯಿ ಕಚ್ಚತ್ತೆ. ನನಗೆ ಗೊತ್ತಿಲ್ದೆ ಇರೋದಾ ಇದು? ಹೊಟ್ಟೆಕಿಚ್ಚಲ್ಲಿ ಮರೆತೇಬಿಟ್ಟೆ. ಅವಳ ಗಿಡಾನ ಬೆಳೆಸಿದ್ದು ನನ್ನ ಹೊಟ್ಟೆಕಿಚ್ಚೇ."

ಇವತ್ತು ಬಟ್ಟೆ ಕಟ್ಟುವ ದಿನ. ನೀರು ಹಾಕಿ ಮುಗಿಸಿ ನೀರಕ್ಕ ಕೆಂಪು ಚೂರು ಕೈಗೆ ತೆಗೆದುಕೊಳ್ಳುತ್ತಾರೆ. ಮೊದಲು ಹೋಗುವುದು ನರ್ಸಮ್ಮನ ಪಾತಿಗೆ. ಅಲ್ಲೂ ಟೊಮೆಟೊ ಇದೆ, ಪರವಾಗಿಲ್ಲ ಎನ್ನುವ ಹಾಗಿದೆ. ಅರ್ಧ ಗಂಟು ಹಾಕಿ, ಹಣ್ಣೊಂದನ್ನು ತಿರುಗಿಸಿ ನೋಡುತ್ತಾರೆ. ತೊಟ್ಟಿನ ಹತ್ತಿರ ಬಿರಿದಿದೆ. ಇದರ ಬೀಜ ಎಲ್ಲರ ಪಾತಿಗೂ ಹೋಗಬೇಕಲ್ಲ. ಗಂಟು ಬಿಚ್ಚುತ್ತಾರೆ. ಸೀದಾ ಬೇಲಿಬದಿಗೆ ನಡೆದು, ಓರಗಿತ್ತಿಯ ನಡುಗಿಡಕ್ಕೆ ಎರಡು ಸುತ್ತು ಸುತ್ತಿ ಬಿಗಿಯುತ್ತಾರೆ.

ಭಾನುವಾರವಾದ್ದರಿಂದ ಟೈಲರಮ್ಮನೂ ಬರುತ್ತಾರೆ, ಕುತ್ತಿಗೆಗೆ ಅಳತೆಯ ಟೇಪು ನೇತಾಡುತ್ತಿದೆ.

"ಅಕ್ಕಾ, ಮತ್ತೆ ನಂದೇನಾ? ಈ ಸಲ ನನ್ನ ಗಿಡಕ್ಕೆ ನೀವು ಏನೋ ಮಾಡಿದೀರ."

"ಏನಿಲ್ವೇ. ನೀರು ಹಾಕಿದೆ."

"ನಿಮ್ದೂ ಚೆನ್ನಾಗಿದೆ ಬಿಡಿ. ಆ ನೆರಳಲ್ಲಿ ಮಿಷನ್ ಹಾಕ್ಕೊಂಡು ಕೂರಬಹುದು."

ಟೈಲರಮ್ಮ ಗಿಡದ ಗಲ್ಲ ಸವರಿ ಹೋಗುತ್ತಾರೆ. ಅವರು ಗೇಟು ದಾಟುವ ತನಕ ನೀರಕ್ಕ ನೋಡುತ್ತಾರೆ, ಆಮೇಲೆ ಪೈಪು ಸುತ್ತಲು ತೊಡಗುತ್ತಾರೆ. ಆಸೆಯೇನಾದರೂ ಇದೆಯೇ ಎಂದರೆ ತಲೆ ಎತ್ತುವುದಿಲ್ಲ.

"ಮುಂದಿನ ಸಲ ಅವಳ ಬೀಜಾನೇ ನನ್ನ ಪಾತೀಲೂ ಬಿತ್ತಬೇಕು. ಬಿತ್ತೀನಿ. ಎರಡು ಪಾತಿಗೂ ಒಂದೇ ಅಳತೆ ನೀರು, ಒಂದೇ ಗೊಬ್ಬರ. ಮೋಸ ಇಲ್ಲ. ಆಮೇಲೆ ನನ್ನ ಗಿಡದಲ್ಲಿ ಅವಳದ್ದಕ್ಕಿಂತ ಒಂದೇ ಒಂದು ಕಾಯಿ ಹೆಚ್ಚಿಗೆ ಬಿಡ್ಲಿ. ಅಷ್ಟಾದ್ರೆ ಸಾಕು."