ದೋಣಿಯ ತೂತು ಮುಚ್ಚಿದ್ದು

ನನಗೆ ನೀರು ಕಂಡರೆ ಭಯ. ಇಷ್ಟು ವರ್ಷ ಇದನ್ನ ಯಾರಿಗೂ ಹೇಳಿರಲಿಲ್ಲ, ಹೇಳೋ ಪ್ರಮೇಯವೇ ಬಂದಿರಲಿಲ್ಲ. ನಮ್ಮ ಮಧುಗಿರಿ ಸೀಮೆಯಲ್ಲಿ ನೀರಿಗೆ ಹೆದರಬೇಕು ಅಂದರೆ ಮೊದಲು ನೀರಿರಬೇಕಲ್ಲ ಸ್ವಾಮಿ! ನಾನು ಕಂಡ ನೀರೆಲ್ಲ ಟ್ಯಾಂಕಿನೊಳಗಿನದು. ಫೈಬರ್ ಕೆಲಸ ನನ್ನ ಕಸುಬು. ಒಡೆದ ನೀರಿನ ಟ್ಯಾಂಕಿಗೆ ತೇಪೆ ಹಾಕೋದು, ಬಸ್ಸಿನ ಬಂಪರ್ ಕೂರಿಸೋದು, ಇಂಥವೇ. ಬೈಗುಳ ಜಾಸ್ತಿ, ಕೆಲಸ ಗಟ್ಟಿ ಅಂತ ಪೇಟೆಯಲ್ಲಿ ನನ್ನ ಬಗ್ಗೆ ಹೇಳ್ತಾರೆ. ಎರಡೂ ನಿಜ ಅಂದುಕೊಂಡಿದ್ದೆ.

ಆ ವರ್ಷ ಮಳೆ ಹುಯ್ದ ರಭಸಕ್ಕೆ ಐ.ಡಿ.ಹಳ್ಳಿ ಕಡೆಯ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ಊರವರೆಲ್ಲ ಏರಿ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನಮ್ಮಕ್ಕನಿಗೆ ಮಾತ್ರ ಗ್ರಹಚಾರ ಶುರುವಾಯಿತು. ಕೆರೆಯ ಆಚೆ ದಡದ ಹಟ್ಟಿಯಲ್ಲಿ ಅಂಗನವಾಡಿ ನಡೆಸೋಳು ಅವಳು. ಕೆರೆಯಂಗಳದ ಕಾಲುದಾರಿಯಲ್ಲಿ ದಿನಾ ನಡೆದು ಹೋಗ್ತಿದ್ದಳು. ಆ ದಾರಿ ಈಗ ಎರಡಾಳು ನೀರಿನಡಿಗೆ ಹೋಗಿತ್ತು. ಸುತ್ತಿ ಹೋಗಬೇಕು ಅಂದರೆ ಒಂದು ಬಸ್ಸು ಹಿಡಿದು, ಇಳಿದು, ಗುಡ್ಡದ ಪಕ್ಕ ಗಂಟೆಗಟ್ಟಲೆ ನಡಿಯಬೇಕು. ಅವಳ ಮಂಡಿ ಮೊದಲೇ ಕೆಟ್ಟಿತ್ತು. ಎರಡು ತಿಂಗಳು ಎಳೆದಾಡಿ, ಒಂದು ದಿನ ನಮ್ಮನೆ ಜಗಲಿ ಮೇಲೆ ಕಾಲು ಚಾಚಿಕೊಂಡು, ‘ಕೆಲಸ ಬುಟ್ಬುಡ್ತೀನಿ ಕಣ್ಲಾ’ ಅಂದಳು. ನಮ್ಮಕ್ಕ ಬಿಡೋ ಪೈಕಿ ಅಲ್ಲ. ಗಂಡ ಹೋದ ಮೇಲೆ ಅವಳನ್ನ ಎಬ್ಬಿಸಿ ನಿಲ್ಲಿಸಿದ್ದೇ ಆ ಹಟ್ಟಿ ಮಕ್ಕಳು.

ಆಗ ನೆನಪಾದದ್ದು ಆ ದೋಣಿ. ಕೆರೆ ಮೀನನ್ನ ಗುತ್ತಿಗೆ ಹಿಡಿದಿದ್ದ ಶಿರಾದ ಭಾಯ್ ಒಬ್ಬರು ಎಲ್ಲಿಂದಲೋ ಹಳೇ ಫೈಬರ್ ದೋಣಿಯೊಂದನ್ನ ಎಂಜಿನ್ ಸಮೇತ ತಂದು ಏರಿ ಕೆಳಗೆ ಬೋರಲು ಹಾಕಿದ್ದರು. ಅವರು ಹುಟ್ಟಿದಾಗಿನಿಂದ ಹರಿಗೋಲಿನಲ್ಲಿ ಬಲೆ ಬೀಸಿದವರು, ಎಂಜಿನ್ ದೋಣಿ ಅವರಿಗೂ ಹೊಸದು. ‘ಮಿಸ್ತ್ರಿ, ತಳ ಹೋಗೈತೆ, ಹಿಂದಿನ ಗೋಡೆ ಹೋಗೈತೆ. ನೀವು ರೆಡಿ ಮಾಡಿ ಕೊಟ್ಟರೆ ನಿಮ್ಮಕ್ಕನ್ನ ದಿನಾ ಆ ಕಡೆ ಬುಡೋದು ನನ್ನ ಜಿಮ್ಮಾ’ ಅಂದರು. ನಾನು ಒಪ್ಪಿಕೊಂಡೆ. ದೋಣಿಯನ್ನ ಅದಕ್ಕೆ ಮುಂಚೆ ಮುಟ್ಟಿಯೂ ಇರಲಿಲ್ಲ.

ದೋಣಿಯ ಹಿಂಬದಿಯಲ್ಲಿ ಎಂಜಿನ್ ನೇತುಹಾಕೋ ಅಡ್ಡಗೋಡೆಗೆ ಏನೋ ಇಂಗ್ಲಿಷ್ ಹೆಸರಿದೆಯಂತೆ. ನಾನು ತಿಕದ ಹಲಗೆ ಅಂತಲೇ ಕರೆದೆ. ‘ಹೆಣ್ಮಕ್ಕಳ ಮುಂದೆ ಏನ್ ಮಾತ್ಲಾ ಅದು’ ಅಂತ ಅಕ್ಕ ಗದರಿದಳು, ಗದರಿ ನಕ್ಕಳು. ಒಳಗಡೆಯ ಫೈಬರ್ ಪದರ ಕೊಯ್ದು ನೋಡಿದರೆ ನಡುವಿನ ಪ್ಲೈವುಡ್ ಕೊಳೆತು ಹಿಂಡಿಯಂಗೆ ಆಗಿತ್ತು, ಕೈಯಲ್ಲೇ ಬಾಚಿ ತೆಗೆದೆ. ಒಳ್ಳೇ ವಾಟರ್‌ಪ್ರೂಫ್ ಪ್ಲೈ ಎರಡು ಪದರ ಅಂಟಿಸಿ, ಜಾಕ್ ಕೊಟ್ಟು ಒತ್ತಿ, ಫೈಬರ್ ಮ್ಯಾಟ್ ಮೇಲೆ ಮ್ಯಾಟ್ ಹಾಸಿ ರೆಸಿನ್ ಅಂಟು ಕುಡಿಸಿದೆ. ಆಮೇಲೆ ತಳ. ಉದ್ದುದ್ದಕ್ಕೆ ನಾಲ್ಕು ಪಟ್ಟಿ ಕೂರಿಸಿ, ಅದರ ಮೇಲೆ ಹಲಗೆ ಹಾಸಿ, ಅದಕ್ಕೂ ಫೈಬರ್ ಹೊದಿಸಿದೆ. ಅಂದರೆ ಕಾಲಿಡೋ ಹಲಗೆಗೂ ದೋಣಿಯ ಹೊಟ್ಟೆಗೂ ನಡುವೆ ಒಂದು ಗೇಣು ಟೊಳ್ಳು. ಕೊನೆಗೆ ಕೂರೋ ಮಣೆಗಳನ್ನ ತಳದ ಹಲಗೆಗೇ ತೂತು ಕೊರೆದು ಬೋಲ್ಟ್ ಹಾಕಿ ಬಿಗಿದೆ.

ತಿಕದ ಹಲಗೆಯ ಬುಡದಲ್ಲಿ, ಆ ಟೊಳ್ಳಿನ ಮಟ್ಟಕ್ಕೆ ಸರಿಯಾಗಿ, ಹೆಬ್ಬೆರಳು ತೂರೋ ಅಷ್ಟು ದಪ್ಪದ ಒಂದು ತೂತಿತ್ತು. ಅದಕ್ಕೊಂದು ಬಿರಡೆ ಬೇರೆ. ಅದನ್ನ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅಲ್ಲ, ದೋಣಿಗೆ ನೀರಿನ ಮಟ್ಟದಿಂದ ಕೆಳಗೆ ತೂತು ಇಡೋ ಬೇಕೂಫ ಯಾವನು? ಹಿಂದಿನ ಮಿಸ್ತ್ರಿಗೆ ಹಿಡಿಶಾಪ ಹಾಕಿ, ಅದಕ್ಕೆ ನಾಲ್ಕು ಪದರ ಮ್ಯಾಟ್ ಜಡಿದು, ಮುಚ್ಚಿದ್ದೇ ಗೊತ್ತಾಗದಂಗೆ ಉಜ್ಜಿ ನುಣುಪು ಮಾಡಿದೆ.

ಆಮೇಲೆ ಪರೀಕ್ಷೆ. ಟ್ಯಾಂಕನ್ನ ಹೆಂಗೆ ಪರೀಕ್ಷೆ ಮಾಡ್ತೀವಿ? ಒಳಗೆ ನೀರು ತುಂಬಿಸಿ ಹೊರಗೆ ಸೋರುತ್ತಾ ನೋಡ್ತೀವಿ. ದೋಣಿಗೂ ಅದನ್ನೇ ಮಾಡಿದೆ! ಟೈರುಗಳ ಮೇಲೆ ಕೂರಿಸಿ, ತಳದ ಹಲಗೆ ಮುಳುಗುವಷ್ಟು ನೀರು ಬಿಟ್ಟು ಒಂದು ದಿನ ಪೂರ್ತಿ ಬಿಟ್ಟೆ. ಹೊರಗಡೆ ಒಂದು ತೊಟ್ಟು ತೇವ ಇಲ್ಲ. ಮೊಗೆದು ಹಾಕಿ, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಬಿಟ್ಟೆ. ತುಂಬಿಸಿದ ನೀರಿಗಿಂತ ಮೊಗೆದ ನೀರು ಕಡಿಮೆ ಅಂತ ಅನಿಸಿತ್ತು. ಬಿಸಿಲಿಗೆ ಆರಿರಬೇಕು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಎಂಟು ಜನ ಸೇರಿ ದೋಣಿಯನ್ನ ನೀರಿಗೆ ತಳ್ಳಿದರು. ‘ಭಾರ ಕಣಣ್ಣೋ!’ ಅಂದ ಒಬ್ಬ. ‘ಗಟ್ಟಿ ಕೆಲಸ ಭಾರ ಇರ್ದೆ ಇನ್ನೇನು’ ಅಂತ ಅವನ ಬಾಯಿ ಮುಚ್ಚಿಸಿದೆ. ಭಾಯ್ ಎಂಜಿನ್ ಕೂರಿಸುತ್ತಾ, ‘ಮಿಸ್ತ್ರಿ, ಇಲ್ಲೊಂದು ತೂತಿತ್ತಲ್ಲ?’ ಅಂದರು. ಮುಚ್ಚಿದೀನಿ ಅಂದೆ. ‘ಅಚ್ಛಾ’ ಅಂದರು, ಅವರಿಗೂ ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ. ಅಕ್ಕ ಮಕ್ಕಳ ಮೊಟ್ಟೆಯ ಎರಡು ಟ್ರೇ ಹಿಡಿದು ಹತ್ತಿದಳು. ಅವಳಿಗೆ ಈಜು ಬರಲ್ಲ, ನನಗೂ ಬರಲ್ಲ. ಅವಳಿಗೋಸ್ಕರ ಗಾಳಿ ತುಂಬಿದ ಲಾರಿ ಟ್ಯೂಬ್ ಒಂದನ್ನ ತಂದಿದ್ದೆ. ‘ಕೈ ಬಿಡುವಿಲ್ಲ, ನಡೂಕೆ ಮಡಗು’ ಅಂದಳು. ನಮ್ಮಿಬ್ಬರ ನಡುವೆ ಇಟ್ಟು ನಾನೂ ಕೂತೆ. ಮಾಡಿದವನೇ ಕೂರದಿದ್ದರೆ ಮರ್ಯಾದೆ ಏನು?

ದಡ ಬಿಟ್ಟು ಸ್ವಲ್ಪ ದೂರ ಎಲ್ಲ ಸಲೀಸಾಗಿತ್ತು. ನಡು ಕೆರೆಗೆ ಬಂದಾಗ ಗಾಳಿ ಎದ್ದಿತು. ಅಕ್ಕ ಸೆರಗು ಸರಿ ಮಾಡಿಕೊಳ್ಳೋಕೆ ಎಡಕ್ಕೆ ಒಂಚೂರು ವಾಲಿದಳು. ದೋಣಿಯೂ ವಾಲಿತು. ಅಕ್ಕ ನೆಟ್ಟಗಾದಳು, ದೋಣಿ ಆಗಲಿಲ್ಲ. ನನ್ನ ಅಂಗಾಲಿನ ಕೆಳಗೆ ಗುಳುಗುಳು ಅಂತ ನೀರು ಓಡಿದ ಸದ್ದು ಕೇಳಿಸಿತು.

ಮೇಲೆ ಹಲಗೆ ಒಣಗಿತ್ತು. ನೀರು ಅದರ ಕೆಳಗಿತ್ತು.

ಒಂದೇ ಏಟಿಗೆ ಎಲ್ಲ ತಿಳಿದುಹೋಯಿತು. ನಾನೇ ತುಂಬಿಸಿದ ನೀರು ನಾನೇ ಕೊರೆದ ಬೋಲ್ಟಿನ ತೂತುಗಳಲ್ಲಿ ಟೊಳ್ಳಿಗೆ ಇಳಿದಿದೆ. ದಡಕ್ಕೆ ಎಳೆದಾಗ ಬಿರಡೆ ತೆಗೆದರೆ ಅದು ಹೊರಗೆ ಹೋಗಲಿ ಅಂತ ಯಾರೋ ಪುಣ್ಯಾತ್ಮ ಇಟ್ಟಿದ್ದ ದಾರಿಯನ್ನ ನಾನೇ ಜಡಿದಿದೀನಿ. ಹೇಳಿದರೆ ಅಕ್ಕ ಗಾಬರಿಗೆ ಎದ್ದು ನಿಂತಾಳು, ನಿಂತರೆ ಮಗುಚಿಕೊಳ್ಳುತ್ತೆ. ಹೇಳದಿದ್ದರೆ? ಅಷ್ಟರಲ್ಲಿ ಭಾಯ್ ಬೇಗ ದಾಟಿಬಿಡೋಣ ಅಂತ ಎಂಜಿನ್ ಜೋರು ಮಾಡಿದರು. ದೋಣಿಯ ಮೂತಿ ಎದ್ದಿತು, ಒಳಗಿನ ನೀರೆಲ್ಲ ಹಿಂದಕ್ಕೆ ನುಗ್ಗಿತು, ತಿಕದ ಹಲಗೆ ಮುಳುಗೋಕೆ ನಾಲ್ಕು ಬೆರಳು ಬಾಕಿ ಇರೋಷ್ಟು ಕುಸಿಯಿತು. ಒಂದು ಅಲೆ ಒಳಕ್ಕೇ ಬಂತು. ‘ಅಲ್ಲಾ!’ ಅಂದರು ಭಾಯ್. ‘ನಿಧಾನ ಮಾಡ್ರೀ! ತಳದಾಗೆ ನೀರೈತೆ! ಅಕ್ಕ, ಅಲ್ಲಾಡಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ!’ ಅಂತ ಕಿರುಚಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅಕ್ಕ ಅಲ್ಲಾಡಲಿಲ್ಲ. ಮೊಟ್ಟೆ ಟ್ರೇ ತೊಡೆ ಮೇಲಿಟ್ಟುಕೊಂಡು ಮೆಲ್ಲಗೆ ಮಣೆಯಿಂದ ಜಾರಿ ತಳದಲ್ಲೇ ಕೂತಳು. ಭಾಯ್ ಎಂಜಿನ್ ಸಣ್ಣಗೆ ಇಟ್ಟರು, ಅವರ ತುಟಿ ಅಲ್ಲಾಡುತ್ತಿತ್ತು. ದೋಣಿ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತೂಗಿ, ಪ್ರತೀ ಸಲ ಇನ್ನು ಮುಗೀತು ಅನ್ನಿಸಿ, ಮತ್ತೆ ಎದ್ದುಕೊಳ್ಳುತ್ತಿತ್ತು. ದಡದ ಜಾಲಿಮರಗಳು ಇದ್ದಲ್ಲೇ ಇದ್ದವು, ಹತ್ತಿರ ಬರುತ್ತಲೇ ಇರಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ ದೇವರಿಗೇ ಗೊತ್ತು.

ತಳ ಕೆಸರಿಗೆ ಉಜ್ಜಿ ನಿಂತಿತು. ಹಟ್ಟಿ ಹೆಂಗಸರು ಓಡಿ ಬಂದು ಮೊಟ್ಟೆ ಇಸಿದುಕೊಂಡು ಅಕ್ಕನ ಕೈ ಹಿಡಿದು ಇಳಿಸಿದರು. ನಾನು ಕೂತೇ ಇದ್ದೆ. ಅಕ್ಕ ಮೊಣಕಾಲುದ್ದ ನೀರಲ್ಲಿ ವಾಪಸ್ಸು ಬಂದು ನನ್ನ ಕಡೆ ಬಗ್ಗಿ, ಯಾರಿಗೂ ಕೇಳಿಸದಂಗೆ, ‘ಬುಡ್ಲಾ ಅದನ್ನ, ದಡ ಬಂತು’ ಅಂದಳು. ನೋಡಿಕೊಂಡೆ. ಟ್ಯೂಬ್ ನನ್ನ ಕೊರಳಲ್ಲಿತ್ತು, ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಯಾವಾಗ ಹಾಕಿಕೊಂಡೆನೋ ಇವತ್ತಿಗೂ ನೆನಪಿಲ್ಲ.

ಎಲ್ಲರೂ ಸೇರಿ ದೋಣಿಯನ್ನ ನೀರಿಂದ ಮೇಲಕ್ಕೆ ಎಳೆದ ಮೇಲೆ, ಮುಚ್ಚಿದ ತೂತನ್ನ ಆ ದಡದಲ್ಲೇ ಕೊರೆದೆ. ಹಟ್ಟಿಯವರು ಕೊಟ್ಟ ಕಬ್ಬಿಣದ ಸಲಾಕೆ ಕಾಸಿ ಚುಚ್ಚಿದರೆ ನೀರು ಚಿಮ್ಮಿತು, ಬಹಳ ಹೊತ್ತು ಸುರಿಯಿತು. ಆಮೇಲೆ ದೋಣಿ ಬಿಚ್ಚಿ ಒಣಗಿಸಿ, ಬೋಲ್ಟಿಗೆಲ್ಲ ರೆಸಿನ್ ತುಂಬಿ, ತೂತಿಗೆ ಬಿರಡೆ ಹಾಕಿ ಸರಿ ಮಾಡಿದೆ. ಅಕ್ಕ ದಿನಾ ಅದರಲ್ಲೇ ಹೋಗಿಬಂದಳು. ಆ ದಿನದ ವಿಷಯ ಅವಳು ಎತ್ತಲಿಲ್ಲ. ಊರಿಗೆಲ್ಲ ಬೈಯೋ ನಾನು ಅವಳ ಮುಂದೆ ತಲೆ ಎತ್ತದಂಗಾದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಬಂದಿದ್ದಳು. ತಡೆಯಲಾರದೆ ಹೇಳಿಬಿಟ್ಟೆ: ‘ಟ್ಯೂಬ್ ನಿಂಗೇ ತಂದಿದ್ದು ಕಣಕ್ಕ. ನೀನು ಕೇಳಿದ್ರೆ ಕೊಡ್ತಿದ್ದೆ.’

ಅಕ್ಕ ಮುದ್ದೆ ಮುರಿಯೋದು ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ.

‘ಅದಕ್ಕೇ ಕೇಳ್ನಿಲ್ಲ ಕಣ್ಲಾ. ಕೇಳಿ, ನೀನು ಕೊಡ್ದೆ ಹೋಗಿದ್ರೆ, ಆಮ್ಯಾಕೆ ನಾನು ನಿಮ್ಮನೆಗೆ ಉಣ್ಣಕ್ಕೆ ಹೆಂಗ್ ಬರ್ಲಿ?’ ಅಂದಳು.