ಎರವಲು ಬೋರಮಾಳ

ನನ್ನವ್ವ ಗಂಡ ಸತ್ತವಳು. ಅಕ್ಕಿಆಲೂರಿನ ಗೌಡರ ಮನೆಯಲ್ಲಿ ಭತ್ತ ಕುಟ್ಟಿ ನನ್ನನ್ನು ಸಾಕಿದಳು. ನನ್ನ ಗೆಳತಿಯ ಅವ್ವನೂ ಅದೇ ಒರಳಿಗೆ ಎದುರುಬದುರು ನಿಂತು ಒನಕೆ ಹಾಕುತ್ತಿದ್ದಳು. ಅವರ ಮನೆಯಲ್ಲಿ ಗಂಡಸೊಬ್ಬನಿದ್ದ ನಿಜ, ಆದರೆ ಅವನು ಕೆಮ್ಮುವುದೊಂದನ್ನು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ನಾನು ಕಾಣೆ. ಬಡತನದಲ್ಲಿ ನಮ್ಮಿಬ್ಬರದೂ ಒಂದೇ ತೂಕ. ಓದಿನಲ್ಲಿ ಅವಳು ಮೇಲು. ಇದನ್ನು ಈಗ ಧಾರಾಳವಾಗಿ ಹೇಳುತ್ತಿದ್ದೇನೆ. ಹೇಳಬೇಕಾದ ದಿನ ಬಾಯಿ ಬಿಡಲಿಲ್ಲ.

ಇಬ್ಬರೂ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆವು. ಬಡವರ ಹುಡುಗಿಯೊಬ್ಬಳಿಗೆ ಧಾರವಾಡದಲ್ಲಿ ಊಟ, ವಸತಿ ಕೊಟ್ಟು ಮಾಸ್ತರಿಕೆ ಕಲಿಸುವ ಸ್ಕಾಲರ್‌ಶಿಪ್ ಒಂದಿದೆ, ತಾಲೂಕಿಗೆಲ್ಲ ಒಂದೇ, ಇನ್ಸ್‌ಪೆಕ್ಟರ್ ಸಾಹೇಬರು ಹಾನಗಲ್ಲಿಗೆ ಬಂದು ಆರಿಸುತ್ತಾರೆ ಎಂದು ನಮ್ಮ ಮಾಸ್ತರು ಹೇಳಿದರು. ಸಿಕ್ಕವಳು ಶಾಲೆಯ ಅಕ್ಕೋರಾಗುತ್ತಾಳೆ. ಸಿಗದವಳು ಒನಕೆ ಹಿಡಿಯುತ್ತಾಳೆ, ಇಲ್ಲವೇ ಯಾವನಿಗೋ ಎರಡನೆಯ ಹೆಂಡತಿಯಾಗುತ್ತಾಳೆ. ನಮಗೆ ಮೂರನೆಯ ದಾರಿ ಇರಲಿಲ್ಲ.

ನಮ್ಮ ಕಡೆ ದೊಡ್ಡವರ ಮುಂದೆ ಹೆಣ್ಣುಮಗಳು ಬರಿಗೊರಳಲ್ಲಿ ನಿಲ್ಲುವಂತಿಲ್ಲ. ಇಲ್ಲದವರು ಇದ್ದವರ ಮನೆಯಿಂದ ಒಂದು ದಿನದ ಮಟ್ಟಿಗೆ ಬಂಗಾರ ಇಸಿದುಕೊಂಡು ಹಾಕಿ ಕಳಿಸಬೇಕು. ಅದು ಎರವಲು ಎಂದು ಬಾಯಿ ಬಿಟ್ಟರೆ ಎರಡೂ ಮನೆಯ ಮಾನ ಹೋಯಿತು. ಕನ್ಯೆ ನೋಡಲು ಬಂದಾಗ ಹೀಗೆ, ಮದುವೆಮನೆಗೆ ಹೋಗುವಾಗಲೂ ಹೀಗೆ. ಇನ್ನು ಸಾಹೇಬರ ಮುಂದೆ ಬಿಟ್ಟಾರೆಯೇ? ಹಿಂದಿನ ದಿನ ಇಬ್ಬರು ಅವ್ವಂದಿರೂ ಗೌಡರ ಹೆಂಡತಿಯ ಮುಂದೆ ಹೋಗಿ ನಿಂತರು. ಆಕೆ ಗೆಳತಿಯ ಅವ್ವನ ಕೈಗೆ ಬಂಗಾರದ ಗುಂಡಿನ ಸರ ಬೋರಮಾಳ, ಎರಡು ಪಾಟಲಿ ಬಳೆ, ಒಂದು ಇಳಕಲ್ಲ ಸೀರೆ ಕೊಟ್ಟಳು. ನನ್ನವ್ವನ ಕಡೆ ತಿರುಗಿ, "ನಿನ್ನ ಕೈಯಾಗ ನನ್ನ ಬಂಗಾರ ಕೊಡ್ಲೇನ? ಗಂಡನ್ನ ತಿಂದಾಕಿ! ನಾಳೆ ನನಗೂ ನಿನ್ನ ಗತಿ ಬರ್ಲಂತೀಯೇನು?" ಎಂದಳು.

ಅವ್ವ ಬರಿಗೈಯಲ್ಲಿ ಮನೆಗೆ ಬಂದವಳೇ ನನ್ನ ಅಳು ಕಂಡು ಬೆನ್ನಿಗೆ ಎರಡು ಗುದ್ದಿದಳು. "ಬಾಯಿ ಮುಚ್ಚ, ಮೂಳಿ! ಬರೇ ಕೊಳ್ಳಾಗ ಹೋಗು. ಏನ್ ಸಾಯಂಗಿಲ್ಲ." ಮರುದಿನ ಕೆಲಸ ಬಿಟ್ಟು ಬರಲಾರದೆ ನನ್ನನ್ನು ಗೆಳತಿಯ ಅವ್ವನ ಜೊತೆ ಚಕ್ಕಡಿ ಹತ್ತಿಸಿದಳು.

ಹಾನಗಲ್ಲಿನ ಬಂಗಲೆಯಲ್ಲಿ ಸಾಹೇಬರು ಗೆಳತಿಯ ಅವ್ವನನ್ನು ಹೊರಗೇ ನಿಲ್ಲಿಸಿ ನಮ್ಮಿಬ್ಬರನ್ನೇ ಒಳಗೆ ಕರೆದರು. ಲೆಕ್ಕ ಕೇಳಿದರು. ಅವಳು ಪಟಪಟನೆ ಹೇಳಿದಳು, ನಾನು ಎರಡು ಕಡೆ ಮುಗ್ಗರಿಸಿದೆ. ಸಾಹೇಬರ ಕಣ್ಣು ಅವಳ ಕೊರಳ ಮೇಲೆ ನಿಂತಿತು.

"ಇದು ನಿಂದೇನು?"

ಅವಳ ಅವ್ವ ದಾರಿಯುದ್ದಕ್ಕೂ ಗಿಳಿಪಾಠ ಮಾಡಿಸಿದ್ದಳು. "ಹೌದ್ರಿ," ಎಂದಳು ಹುಚ್ಚಿ.

ಅವಳನ್ನು ಹೊರಗೆ ಕಳಿಸಿ ಸಾಹೇಬರು ನನ್ನನ್ನು ಕೇಳಿದರು: "ಖರೇನ? ಅಕೀದ ಏನು ಬಂಗಾರ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಹೆದರಿ ಸುಮ್ಮನಾದೆ ಎಂದು ಬರೆದರೆ ನೀವು ನಂಬುತ್ತೀರಿ, ಅಯ್ಯೋ ಪಾಪ ಎನ್ನುತ್ತೀರಿ. ನಾನು ಹೆದರಲಿಲ್ಲ. "ಹೌದ್ರಿ," ಎಂದೆ. ಕೇಳದಿದ್ದರೂ ಒಂದು ಮಾತು ಸೇರಿಸಿದೆ: "ಅಕಿ ಲಗ್ನಕ್ಕ ಮಾಡಿಸ್ಯಾರ್ರಿ."

ಸಾಹೇಬರು ನಕ್ಕು, ಕಾಗದದಲ್ಲಿ ಅವಳ ಹೆಸರಿನ ಮೇಲೆ ಒಂದು ಗೀಟು ಎಳೆದರು.

ತಿರುಗಿ ಬರುವಾಗ ಗೆಳತಿಯ ಅವ್ವನ ಮುಖ ನೋಡಬೇಕಿತ್ತು. "ಸಾಹೇಬ್ರು ಬೋರಮಾಳ ಕೇಳಿದ್ರಂತ! ಮನಿತನ ಚೊಲೋ ಐತಿ ಅಂತ ತಿಳದಾರ. ನಮ್ಮಾಕಿಗೇ ಸಿಗತೈತಿ ನೋಡ," ಎಂದು ಹಿಗ್ಗಿದಳು. ಬರಿಗೊರಳಿನ ನನ್ನ ಮೇಲೆ ಕರುಣೆ ಬಂದು ತನ್ನ ಪಾಲಿನ ರೊಟ್ಟಿಯನ್ನೂ ನನಗೇ ಕೊಟ್ಟಳು. ತಿಂದೆ. ಹಸಿವೆಯಾಗಿತ್ತು.

ತಿಂಗಳೊಪ್ಪತ್ತಿನಲ್ಲಿ ನನ್ನ ಹೆಸರಿಗೆ ಕಾಗದ ಬಂತು. ಗೆಳತಿ ಒಂದು ದಿನ ಅತ್ತಳು, ಮರುದಿನ ಬಂದು ನನ್ನ ಹರಿದ ಪರಕಾರ ಹೊಲಿದು ಕೊಟ್ಟಳು. "ನಾ ಹೌದ್ರಿ ಅಂದಿದ್ದಽ ತಪ್ಪಾತು. ನಿನ್ನ ಏನರ ಕೇಳಿದ್ರೇನು?" ಎಂದಳು. ಇಲ್ಲ ಎಂದೆ. ನಂಬಿದಳು. ಆ ವರ್ಷವೇ ಅವಳನ್ನು ತಿಳವಳ್ಳಿಯ ಒಬ್ಬನಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಮೊದಲಿನವಳ ಮಕ್ಕಳು ಇವಳಿಗಿಂತ ನಾಲ್ಕೈದು ವರ್ಷಕ್ಕಷ್ಟೇ ಚಿಕ್ಕವರು.

ಧಾರವಾಡದಲ್ಲಿ ನಾನು ಜೀವಮಾನದಲ್ಲೇ ಮೊದಲ ಸಲ ಹೊಟ್ಟೆ ತುಂಬಿ ತಾಟಿನಲ್ಲಿ ಅನ್ನ ಬಿಟ್ಟೆ. ಹಿರೇಕೆರೂರಿನ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದ ತಿಂಗಳೇ ಅವ್ವನ ಕೈಯಿಂದ ಒನಕೆ ಬಿಡಿಸಿದೆ. ಅವಳು ಹೆಂಚಿನ ಮನೆಯಲ್ಲಿ, ಮಂಚದ ಮೇಲೆ ಸತ್ತಳು. ಸ್ಕಾಲರ್‌ಶಿಪ್ಪಿನಿಂದ ಬಡವರ ಹುಡುಗಿಯರ ಬಡತನ ಹೋಗುತ್ತದೆಯೇ ಎಂದು ಕೇಳುವವರಿಗೆ, ಹೋಗುತ್ತದೆ, ನನ್ನನ್ನೇ ನೋಡಿ ಎನ್ನುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಗೆಳತಿ ಮಗಳ ಕೈ ಹಿಡಿದುಕೊಂಡು ತಿಳವಳ್ಳಿಯಿಂದ ನಡೆದೇ ನನ್ನ ಶಾಲೆಗೆ ಬಂದಳು. ನನ್ನದೇ ವಯಸ್ಸು, ಬಾಯಲ್ಲಿ ಮುಂದಿನ ಹಲ್ಲಿರಲಿಲ್ಲ. ಗಂಡ ಹೊಡೆದು ಮುರಿದಿದ್ದ. ಕುರ್ಚಿ ತೋರಿಸಿದರೆ ನೆಲದ ಮೇಲೇ ಕುಳಿತಳು.

"ಇಕೀಗೂ ಒಂದು ಸ್ಕಾಲರ್‌ಶಿಪ್ ಐತಂತ್ರಿ, ಅಕ್ಕೋರ. ಇವರು ಬಡವರು ಅಂತ ನೀವು ಒಂದು ಮಾತು ಬರದು ಕೊಟ್ರ ಸಾಹೇಬ್ರು ನಂಬ್ತಾರ. ಆವಾಗ ನನ್ನ ಸಲುವಾಗಿ ಹೇಳವರು ಯಾರೂ ಇರಲಿಲ್ಲ ನೋಡ್ರಿ."

ನನ್ನನ್ನು ಅವಳು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನಾನು ಬರೆದೆ, ಸಹಿ ಹಾಕಿದೆ, ಕಾಗದ ಮಡಚಿ ಕೊಟ್ಟೆ.

"ಹೌದವಾ," ಎಂದೆ. "ಯಾರೂ ಇರಲಿಲ್ಲ."

ಅವಳು ಮಗಳಿಗೆ ನನ್ನ ಕಾಲಿಗೆ ಬೀಳಲು ಹೇಳಿದಳು. ಹುಡುಗಿ ಬಗ್ಗಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.